ಒದ್ದೆ ತೋಳಿನ ಕೂಟದ ಉಮೆ ಹಾಳೆ

ಎಣ್ಣೆ ವ್ಯಾಪಾರಿ ಜಿಂಬೇಯವರಿಗೆ ಹೂವೆಂದರೆ ಪ್ರಾಣ. ಹೂವಿಗೂ ಅವರಿಗೂ ಮುಖಾಮುಖಿ ಪರಿಚಯ ಮಾತ್ರ ಅಷ್ಟಾಗಿ ಇರಲಿಲ್ಲ. ಒಂದು ವರ್ಷ ಸೇವಂತಿಗೆಯ ಮೇಲೆ ಪದ್ಯ ಬರೆದರು. ಅದರ ಎಸಳುಗಳು ಗಾಳಿಗೆ ಉದುರಿ, ಹೊಳೆಗೆ ಬಿದ್ದು, ಸಮುದ್ರದವರೆಗೆ ತೇಲಿಹೋದವಂತೆ. ಸೇವಂತಿಗೆ ಉದುರುವ ಜಾತಿಯಲ್ಲ, ಗಿಡದ ಮೇಲೇ ಒಣಗಿ ನಿಲ್ಲುತ್ತದೆ ಎಂದು ನಮ್ಮ ಕಾಂದಾ ಬೀದಿಯ ಯಾವ ಹೆಂಗಸನ್ನು ಕೇಳಿದ್ದರೂ ಹೇಳುತ್ತಿದ್ದಳು. ಅವರು ಕೇಳಲಿಲ್ಲ. ಅಕ್ಷರ ಬರೆಯುವ ರಿಕಕ್ಕ ಆ ಸಾಲನ್ನು ಸದ್ದಿಲ್ಲದೆ ತಿದ್ದಿ, ‘ಉದುರಲೊಲ್ಲದೆ ನಿಂತಲ್ಲೇ ಒಣಗಿತು’ ಎಂದು ಬರೆದಳು. ಅಚ್ಚಾದ ಹಾಳೆಯನ್ನು ಓದಿದ ಜಿಂಬೇಯವರು ಕಣ್ಣರಳಿಸಿ, "ನೋಡಿದ್ರಾ, ನಾನು ಎಷ್ಟು ಸೂಕ್ಷ್ಮವಾಗಿ ಗಮನಿಸಿದೀನಿ!" ಎಂದರು. ತಾವು ಬರೆದದ್ದು ಬೇರೆಯೆಂಬುದು ಅವರಿಗೆ ಕೊನೆಗೂ ಹೊಳೆಯಲಿಲ್ಲ.

ಜಿಂಬೇಯವರು ಒಂದು ಪದ್ಯಕೂಟದ ಗುರುಗಳು. ಕೂಟದ ಹೆಸರು ‘ಒದ್ದೆ ತೋಳು’. ಹೂ ಕಂಡರೆ ಸಾಕು ಕಣ್ಣು ತುಂಬಿ ಬಂದು, ಅಂಗಿಯ ತೋಳಿನಲ್ಲಿ ಒರೆಸಿಕೊಳ್ಳುವಷ್ಟು ಮೆದು ಮನಸ್ಸಿನವರು ಎಂದು ಅರ್ಥ. ನಾನು ಕಂಡಂತೆ ಆ ತೋಳುಗಳು ಒದ್ದೆಯಾಗುತ್ತಿದ್ದದ್ದು ಸಾಕೆ ಎಂಬ ಅಕ್ಕಿಯ ಹೆಂಡ ಚೆಲ್ಲಿಕೊಂಡು. ಜಿಂಬೇಯವರಲ್ಲದೆ ಒಬ್ಬ ಕೊಡೆ ವ್ಯಾಪಾರಿ, ಒಬ್ಬ ಅಡವಿನಂಗಡಿಯವ, ಒಬ್ಬ ಹಲ್ಲುಪುಡಿ ಮಾರುವವ ಅದರಲ್ಲಿದ್ದರು. ಅಂಗಡಿಯ ಹೆಸರು ಕಾವ್ಯಕ್ಕೆ ಒಗ್ಗುವುದಿಲ್ಲವೆಂದು ಎಲ್ಲರೂ ಬೇರೆ ಹೆಸರಿಟ್ಟುಕೊಂಡಿದ್ದರು. ಜಿಂಬೇ ‘ಮೋಡದಾಚೆಯ ಮುನಿ’. ಕೊಡೆಯವನು ‘ಚಂದ್ರನ ನೆರೆಮನೆಯವ’.

ಪ್ರತಿ ಹೊಸವರ್ಷಕ್ಕೆ ಈ ಕೂಟ ಒಂದು ಹಾಳೆ ಅಚ್ಚು ಹಾಕಿಸುತ್ತಿತ್ತು. ಒಂದು ಹೂ, ಅದರ ಪಕ್ಕದಲ್ಲಿ ಎಲ್ಲರ ಪದ್ಯ. ಮಾರುವುದಕ್ಕಲ್ಲ; ಎದೊ ನಗರದ ಉಳಿದ ಕೂಟಗಳಿಗೆ ಹಂಚಿ ಹೊಟ್ಟೆ ಉರಿಸುವುದಕ್ಕೆ. ಆ ಕೆಲಸ ನಮ್ಮ ಓಣಿಯ ಮೂವರ ಕೈಯಲ್ಲಿತ್ತು. ರಿಕಕ್ಕ ತೆಳ್ಳನೆಯ ಕಾಗದದ ಮೇಲೆ ಪದ್ಯಗಳನ್ನು ಚಂದವಾಗಿ ಬರೆಯುವಳು. ಆ ಕಾಗದವನ್ನು ನನ್ನ ಗಂಡ ಗೆಂಪಾಚಿ ಚೆರ್ರಿ ಮರದ ಹಲಗೆಗೆ ಬೋರಲಾಗಿ ಅಂಟಿಸಿ, ಅಕ್ಷರ ಉಳಿಯುವಂತೆ ಸುತ್ತಲೂ ಕೊರೆಯುವನು. ಕೊರೆದು ಮುಗಿಯುವಷ್ಟರಲ್ಲಿ ಕಾಗದ ಚೂರುಚೂರು. ಬರೆದವಳ ಕೈಬರಹ ಮರದಲ್ಲಿ ಮಾತ್ರ ಉಳಿಯುತ್ತದೆ. ಎದುರುಮನೆಯ ಉಶಿಮಾತ್ಸು ಆ ಹಲಗೆಗೆ ಬಣ್ಣ ಹಚ್ಚಿ ಹಾಳೆಯ ಮೇಲೆ ಒತ್ತುವನು. ಮೂವರ ಹೆಸರೂ ಹಾಳೆಯ ಮೇಲೆ ಎಲ್ಲೂ ಇರುತ್ತಿರಲಿಲ್ಲ. ನನ್ನ ಗಂಡನಿಗಾಗಲಿ ಉಶಿಮಾತ್ಸುವಿಗಾಗಲಿ ಅದರ ಚಿಂತೆ ಇರಲಿಲ್ಲ.

ರಿಕಕ್ಕನಿಗೆ ಇತ್ತು. ಅವಳು ಬಾಯಿಬಿಟ್ಟು ಹೇಳಿದವಳಲ್ಲ. ಮೂವತ್ತು ವರ್ಷ ಬೇರೆಯವರ ಪದ್ಯ ಬರೆದು, ತಿದ್ದಿ, ಕೆಳಗೆ ಅವರ ಹೆಸರನ್ನೇ ಬರೆದು ಕೊಟ್ಟವಳು. ಅರುವತ್ತೊಂದನೆಯ ವರ್ಷ ಅವಳ ಕಣ್ಣಿಗೆ ಮಂಜು ಕವಿಯತೊಡಗಿತು. ಆ ಶರತ್ಕಾಲದಲ್ಲಿ ಒಂದು ದಿನ ನಮ್ಮ ಮನೆಯಲ್ಲಿ ಕೂತು, "ಇದೇ ಕೊನೇದು ಕಣೇ. ಮುಂದಿನ ವರ್ಷ ಇಷ್ಟು ಸಣ್ಣ ಅಕ್ಷರ ನನ್ ಕೈಲಾಗಲ್ಲ" ಎಂದಳು.

ಅದು ಜಿಂಬೇಯವರ ಕಿವಿಗೆ ಬಿತ್ತು. ಅವರ ಮನಸ್ಸು ಕೆಟ್ಟದ್ದಲ್ಲ, ಅದಕ್ಕೆ ಬಿಡುವಿರಲಿಲ್ಲ ಅಷ್ಟೆ. "ರಿಕು, ಈ ವರ್ಷ ನಿಂದೂ ಒಂದು ಪದ್ಯ ಹಾಕಿಬಿಡೋಣ. ನಿನ್ ಹೆಸರಲ್ಲೇ. ಬರಿ" ಎಂದರು. ರಿಕಕ್ಕ ತಲೆ ನೆಲಕ್ಕೆ ತಾಗುವಂತೆ ಬಗ್ಗಿ ನಮಸ್ಕರಿಸಿದಳು. ಆಮೇಲೆ ಒಂದು ತಿಂಗಳು ಓಣಿಯಲ್ಲಿ ಯಾರು ಮಾತಾಡಿಸಿದರೂ ಅರ್ಧ ಕೇಳಿಸಿಕೊಂಡು ನಗುತ್ತಿದ್ದಳು. ಆ ವರ್ಷದ ಹಾಳೆಗೆ ಉಮೆ ಎಂಬ ಮರದ ಬಿಳಿ ಹೂವನ್ನು ಆರಿಸಿದ್ದರು. ಕೊನೆಗೆ ಐದು ಸಾಲು ಬರೆದು ತಂದಳು:

ಹಿಮವೆಂದು ಗುಡಿಸಲು ಹೋದೆ,
ಹೂವಾಗಿತ್ತು.
ಪೊರಕೆ ಗೋಡೆಗೆ ಒರಗಿಸಿದೆ.
ಇವತ್ತು ನಮ್ಮನೆಗೆ ಬರುವವರೇ,
ಸ್ವಲ್ಪ ನೋಡಿ ಕಾಲಿಡಿ.

ಕೆಳಗೆ ಚಿಕ್ಕದಾಗಿ, ‘ರಿಕು’.

ನನ್ನ ಗಂಡ ಎರಡು ಸಲ ಓದಿದ. ಅವನು ಮಾತು ಕಡಿಮೆಯವನು. ಎದ್ದುಹೋಗಿ ಉಳಿ ಮಸೆಯಲು ಕೂತ. ಅದು ಅವನ ಮೆಚ್ಚುಗೆ.

ಹನ್ನೊಂದನೆಯ ತಿಂಗಳು ಕೂಟಕ್ಕೆ ಹೊಸಬನೊಬ್ಬ ಸೇರಿದ. ಸಾಕೆ ವ್ಯಾಪಾರಿ ಕಿಸಬುರೊ. ತೂಕದಲ್ಲಿ ತನ್ನ ಅಂಗಡಿಯ ಪೀಪಾಯಿಗೆ ಕಡಿಮೆಯಿಲ್ಲ. ಕಾವ್ಯದ ಹೆಸರು ‘ಇಬ್ಬನಿ ಕುಡಿದು ಬದುಕುವವ’. ಹಾಳೆಯ ಹೊಳಪಿಗೆ ಬೇಕಾದ ಬೆಳ್ಳಿಪುಡಿಯನ್ನೆಲ್ಲ ತಾನೇ ತರಿಸಿಕೊಡುತ್ತೇನೆಂದ. ಜೊತೆಗೆ ತನ್ನ ಪದ್ಯವೂ ಇರಬೇಕೆಂದ. ಹಾಳೆಯಲ್ಲಿ ಐದು ಪದ್ಯಕ್ಕೆ ಮಾತ್ರ ಜಾಗ.

ಜಿಂಬೇಯವರು ನಮ್ಮ ಮನೆಗೆ ಬಂದು, ಬೆಂಕಿಯ ಕುಂಡದ ಮೇಲೆ ಕೈ ಕಾಯಿಸುತ್ತ, ರಿಕಕ್ಕನ ಮುಖ ಬಿಟ್ಟು ಬೇರೆಲ್ಲ ನೋಡಿದರು.

"ರಿಕು, ನಿನ್ನ ಪದ್ಯ ಚೆನ್ನಾಗೇ ಇದೆ. ಇಲ್ಲ ಅಂತ ನಾನ್ ಹೇಳಲ್ಲ."

"ಗುರುಗಳ ಕೃಪೆ."

"ಆದ್ರೆ ಪೊರಕೆ ಅಂತ ಬಂದಿದೆ ನೋಡು. ಹೊಸವರ್ಷದ ಹಾಳೆ. ಪೊರಕೆ ಸ್ವಲ್ಪ… ಮನೆಕೆಲಸದ ವಾಸನೆ ಹೊಡೆಯುತ್ತೆ."

"ಬೇರೆ ಬರೀಲಾ ಗುರುಗಳೇ?"

"ಬೇಡ ಬೇಡ, ಶ್ರಮ ತಗೋಬೇಡ. ಕಣ್ಣು ಬೇರೆ ಸರಿ ಇಲ್ಲ. ಆ ಜಾಗದಲ್ಲಿ ಕಿಸಬುರೊ ಅವರದ್ದು ಹಾಕಿದ್ರಾಯ್ತು. ಇದನ್ನ ಅಳಿಸಿಬಿಡು."

"ಆಗ್ಲಿ."

ಅವರು ಹೋದ ಮೇಲೆ ರಿಕಕ್ಕ ಕತ್ತರಿ ಕೇಳಿದಳು. ತಾನು ಬರೆದಿದ್ದ ಹಾಳೆಯಿಂದ ತನ್ನ ಐದು ಸಾಲಿನ ಪಟ್ಟಿಯನ್ನು ತಾನೇ ಕತ್ತರಿಸಿದಳು. ಪಕ್ಕದಲ್ಲಿದ್ದ ಅಡವಿನಂಗಡಿಯವನ ಪದ್ಯಕ್ಕೆ ಕತ್ತರಿ ತಾಗಬಾರದೆಂದು ಅದರ ಮೇಲೆ ಬೆರಳು ಅಡ್ಡ ಇಟ್ಟುಕೊಂಡಿದ್ದಳು. ಪಟ್ಟಿಯನ್ನು ಬೆಂಕಿಯ ಕುಂಡದ ಪಕ್ಕ ಇಟ್ಟು, "ಒಲೆ ಹಚ್ಚೋಕಾದ್ರೂ ಆಗುತ್ತೆ" ಎಂದು ಎದ್ದುಹೋದಳು. ನಾನು ನೋಡುವಷ್ಟರಲ್ಲಿ ಪಟ್ಟಿ ಅಲ್ಲಿರಲಿಲ್ಲ. ನನ್ನ ಗಂಡ ಉಳಿಗಳ ಪೆಟ್ಟಿಗೆಯ ಮುಚ್ಚಳ ಹಾಕುತ್ತಿದ್ದ.

ಮರುದಿನ ರಿಕಕ್ಕ ಕಿಸಬುರೊನ ಪದ್ಯವನ್ನು ಬರೆದು ತಂದಳು. ಉಳಿದ ನಾಲ್ಕನ್ನೂ ಹೊಸದಾಗಿ ಬರೆದಿದ್ದಳು. ಓದಿ ನನಗೆ ಗಾಬರಿಯಾಯಿತು. ಜಿಂಬೇಯವರ ಪದ್ಯದಲ್ಲಿ ಅವರು ಉಮೆ ಮರದ ದಟ್ಟ ಹಸಿರೆಲೆಗಳ ನೆರಳಿನಲ್ಲಿ ಕೂತು ಹೂವಿನ ಕಂಪು ಹೀರುತ್ತಿದ್ದರು. ಉಮೆ ಚಳಿಗಾಲದಲ್ಲಿ ಬೋಳು ಕೊಂಬೆಯ ಮೇಲೆ ಹೂ ಬಿಡುತ್ತದೆ. ಎಲೆ ಬರುವ ಹೊತ್ತಿಗೆ ಹೂ ಇರುವುದಿಲ್ಲ. ಪಕ್ಕದಲ್ಲೇ ಅಚ್ಚಾಗುವ ಚಿತ್ರದಲ್ಲೂ ಒಂದೆಲೆ ಇರಲಿಲ್ಲ. ಕಿಸಬುರೊನದು ಹೀಗಿತ್ತು:

ಉಮೆ ಅರಳಿತು, ಸಾಕೆ ಬಿಸಿಯಾಯಿತು.
ಸಾಕೆ ಬಿಸಿಯಾಗಿ ಉಮೆ ಇನ್ನೂ ಅರಳಿತು.
ಒಳ್ಳೆಯ ಸಾಕೆ
ಸೇತುವೆ ದಾಟಿದರೆ ಬಲಗಡೆ.

"ರಿಕಕ್ಕ, ತಿದ್ದಿಲ್ವಾ?"

"ಇಲ್ಲ ಕಣೇ."

"ಇದು ಹೀಗೇ ಹೋದ್ರೆ ಎದೊ ಎಲ್ಲ ನಗುತ್ತೆ."

"ಅವರು ಬರೆದದ್ದು ಅವರಿಗೇ ಇರ್ಲಿ ಬಿಡೇ. ಕಿತ್ಕೊಳ್ಳೋಕೆ ನಾನ್ಯಾರು?" ಎಂದು ಮೆತ್ತಗೆ ಹೇಳಿ, ನಾನು ಕೊಟ್ಟ ಚಹಾ ಕುಡಿದಳು. ಮೂವತ್ತು ವರ್ಷದಲ್ಲಿ ಅವಳು ಮಾಡಿದ ಸಿಟ್ಟು ಅಷ್ಟೇ.

ಚಿತ್ರದಲ್ಲಿ ಮೇಲೆ ಬಿಳಿ ಉಮೆಯ ಕೊಂಬೆ, ಕೆಳಗೆ ಅಂಗಳದ ತುಂಬ ಹಿಮ. ಈ ಹಿಮವನ್ನು ಬಣ್ಣದಲ್ಲಿ ಮಾಡುವುದಿಲ್ಲ. ಬಣ್ಣ ಹಚ್ಚದ ಹಲಗೆಯ ಮೇಲೆ ಒದ್ದೆ ಮಾಡಿದ ದಪ್ಪ ಹಾಳೆ ಇಟ್ಟು ಬಲವಾಗಿ ಒತ್ತಿದರೆ, ಕೊರೆದ ತಗ್ಗಿಗೆಲ್ಲ ಕಾಗದ ಇಳಿದು, ಎತ್ತಿದಾಗ ಬಿಳಿಯ ಮೇಲೆ ಬಿಳಿಯಾಗಿ ಉಬ್ಬಿ ನಿಲ್ಲುತ್ತದೆ. ಒಂದು ಮಧ್ಯಾಹ್ನ ನಾನು ಗಂಡನಿಗೆ ಊಟ ತೆಗೆದುಕೊಂಡು ಹೋದಾಗ ಅವನು ಆ ಹಿಮದ ಹಲಗೆಗೆ ರಿಕಕ್ಕನ ಪಟ್ಟಿಯನ್ನು ಬೋರಲಾಗಿ ಅಂಟಿಸಿಕೊಂಡು ಕೂತಿದ್ದ. ಯಾವಾಗಲೂ ಅಕ್ಷರ ಉಳಿಸಿ ಸುತ್ತ ಕೊರೆಯುವವನು, ಈಗ ಸುತ್ತ ಉಳಿಸಿ ಅಕ್ಷರವನ್ನೇ ತೋಡುತ್ತಿದ್ದ.

"ಅಯ್ಯೋ, ಇದೇನು ಮಾಡ್ತಿದೀರಿ? ಅಳಿಸಿ ಅಂದಿದ್ರಲ್ಲ ಅವರು!"

"ಅಳಿಸಿದೀನಿ. ಎಲ್ಲಾದ್ರೂ ಕಪ್ಪು ಕಾಣುತ್ತಾ ತೋರ್ಸು."

"ಗೊತ್ತಾದ್ರೆ ಮುಂದೆ ನಮಗೆ ಹಲಗೆ ಕೊಡ್ತಾರಾ?"

ಉತ್ತರ ಎದುರುಮನೆಯಿಂದ ಬಂತು. ಉಶಿಮಾತ್ಸುವಿಗೆ ಓಣಿಯ ಯಾವ ಮಾತೂ ಕೇಳಿಸದೆ ಇರುತ್ತಿರಲಿಲ್ಲ. "ಅತ್ತಿಗೆ, ಅವರು ಹಾಳೇಲಿ ನೋಡೋದು ಅವರವರ ಹೆಸರೊಂದೇ. ಹಿಮದೊಳಗೆ ಒಂದು ಎಮ್ಮೆ ನಿಲ್ಸಿದ್ರೂ ಗೊತ್ತಾಗಲ್ಲ."

ಮೊದಲ ಹಾಳೆಯನ್ನು ನೋಡಲು ಐವರೂ ಬಂದರು. ನಾನು ಬಾಗಿಲ ಹಿಂದೆ ನಿಂತು ಇಣುಕಿದೆ. ಉಶಿಮಾತ್ಸು ಹೇಳಿದ್ದೇ ಆಯಿತು. ಕಿಸಬುರೊ ತನ್ನ ಹೆಸರಿನ ಮೇಲೆ ಹೆಬ್ಬೆರಳಿಟ್ಟು ಅಳೆದ. ಆಮೇಲೆ ಜಿಂಬೇಯವರ ಹೆಸರಿನ ಮೇಲೆ ಇಟ್ಟು ಅಳೆದ. ಕೊಡೆಯವನು, "ನನ್ನ ಪದ್ಯ ಕೊಂಬೆಯ ಕೆಳಗೆ ಬಂದಿದೆ, ಬಾಗಿ ನಿಂತ ಹಾಗೆ ಕಾಣುತ್ತೆ" ಎಂದು ಮುನಿಸಿಕೊಂಡ. ಹಲ್ಲುಪುಡಿಯವನು ತನ್ನದನ್ನು ಗಟ್ಟಿಯಾಗಿ ಓದಿ, ತಾನೇ ತಲೆದೂಗಿದ. ಎಲೆಗಳ ಮಾತನ್ನು ಯಾರೂ ಎತ್ತಲಿಲ್ಲ. ಒಬ್ಬರ ಪದ್ಯ ಇನ್ನೊಬ್ಬರು ಓದಿದರೆ ತಾನೇ?

ಜಿಂಬೇಯವರು ಹಾಳೆಯ ಕೆಳಭಾಗ ನೋಡಿ, "ಹಿಮ ಸ್ವಲ್ಪ ಉಬ್ಬುತಗ್ಗಾಗಿದೆಯೇನೋ" ಎಂದರು.

"ಬಿದ್ದಿದ್ದೇ ಹಾಗೆ ಧಣಿ," ಎಂದ ಉಶಿಮಾತ್ಸು. "ಹಿಮಕ್ಕೆ ನಾನು ಹೇಳೋಕಾಗುತ್ತಾ?"

ಎಲ್ಲರೂ ನಕ್ಕರು. ಹಾಳೆ ಒಪ್ಪಿಗೆಯಾಯಿತು.

ಮೂಲೆ ಮಡಚಿಹೋಗಿದ್ದ ಒಂದು ಹಾಳೆಯನ್ನು ನಾನು ರಿಕಕ್ಕನಿಗೆ ಕೊಟ್ಟೆ. ಅವಳ ಬೆರಳನ್ನು ಹಿಮದ ಮೇಲೆ ಇಟ್ಟೆ. ಬೆರಳು ಮೊದಲ ಸಾಲಿನಲ್ಲಿ ನಿಂತಿತು, ಎರಡನೆಯದಕ್ಕೆ ಹೋಯಿತು, ಕೊನೆಗೆ ಹೆಸರಿನ ಮೇಲೆ ಬಂದು ಬಹಳ ಹೊತ್ತು ಅಲ್ಲೇ ಇತ್ತು.

"ಮೂರನೇ ಸಾಲಿನ ಬಾಲ ಸ್ವಲ್ಪ ಉದ್ದ ಆಯ್ತು ಅಂತ ಗೆಂಪಾಚಿಗೆ ಹೇಳು" ಎಂದಳು. ಹಾಳೆಯನ್ನು ಮಡಿಲಲ್ಲಿ ಇಟ್ಟುಕೊಂಡು, "ಎಷ್ಟು ಕಷ್ಟಪಟ್ಟಿದಾನೆ ಪಾಪ. ಯಾರೂ ಓದಲ್ಲ ಕಣೇ ಇದನ್ನ" ಎಂದಳು.

ಹೊಸವರ್ಷದ ಏಳನೆಯ ದಿನ ಸುಮಿದಾ ಹೊಳೆಯ ದಡದ ಒಂದು ಊಟದ ಮನೆಯಲ್ಲಿ ಎಲ್ಲ ಕೂಟಗಳೂ ಸೇರಿದವು. ಹಾಳೆಗಳ ಗಂಟು ಹೊತ್ತುಕೊಂಡು ನಾನೂ ಉಶಿಮಾತ್ಸುವೂ ಮಹಡಿ ಹತ್ತಿ, ಹೊಸ್ತಿಲ ಹತ್ತಿರ ಕೂತೆವು. ಅಲ್ಲಿನ ಪರಿಚಾರಿಕೆ ಕೇಳದೆಯೇ ನಮ್ಮಿಬ್ಬರ ಮುಂದೆ ಬಿಸಿ ಸಾರಿನ ಬಟ್ಟಲು ತಂದಿಟ್ಟಳು. ಒಳಗಿದ್ದವರಿಗೆ ಇನ್ನೂ ಬಡಿಸಿರಲಿಲ್ಲ.

ಹಾಳೆ ಕೈಯಿಂದ ಕೈಗೆ ಹೋಯಿತು. ಮೊದಲು ಒಂದು ಮೂಲೆಯಲ್ಲಿ ನಗು ಕಿಸಕ್ಕೆಂದಿತು. ಆಮೇಲೆ ಇನ್ನೊಂದು ಮೂಲೆಯಲ್ಲಿ.

"ಮೋಡದಾಚೆಯ ಮುನಿಗಳೇ, ಉಮೆ ಮರದಲ್ಲಿ ಅಷ್ಟೊಂದು ಎಲೆ ಯಾವ ಊರಲ್ಲಿ ಕಂಡ್ರಿ? ಮೋಡದಾಚೆಯಾ?"

"ಸಾಕೆಯಂಗಡಿ ಸೇತುವೆ ದಾಟಿ ಬಲಕ್ಕೋ ಎಡಕ್ಕೋ? ಪದ್ಯ ಇನ್ನೊಂದ್ಸಲ ಹೇಳ್ರಪ್ಪ, ದಾರಿ ಮರೆತೆ!"

ಜಿಂಬೇಯವರು ತಮ್ಮ ಪದ್ಯವನ್ನು ಮತ್ತೆ ಓದಿಕೊಂಡರು. ಆವರೆಗೆ ಹಾಳೆಯ ಮೇಲಿನ ತಮ್ಮ ಪದ್ಯ ಓದಿದಾಗಲೆಲ್ಲ ತಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ಇರುತ್ತಿತ್ತು. ಈ ಸಲ ಏನಾಯಿತೆಂದು ಅವರಿಗೆ ತಿಳಿಯಲಿಲ್ಲ. ಕಿವಿ ಕೆಂಪಗಾಯಿತು.

ಕಿಟಕಿಯ ಪಕ್ಕ ಮುದುಕ ವೈದ್ಯ ಶುನ್ತೈ ಕೂತಿದ್ದರು. ಎದೊದ ಎಲ್ಲ ಕೂಟಗಳೂ ಹೆದರುತ್ತಿದ್ದದ್ದು ಅವರೊಬ್ಬರ ನಾಲಿಗೆಗೆ. ಹೊರಗೆ ಹಿಮ ಬಿದ್ದು ಕಿಟಕಿಯಿಂದ ಬೆಳಕು ಅಡ್ಡಡ್ಡಲಾಗಿ ಬರುತ್ತಿತ್ತು. ಅವರು ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಸ್ವಲ್ಪ ವಾಲಿಸಿ, "ತಡೀರಿ" ಎಂದರು. ನಗು ನಿಂತಿತು.

ಅವರು ಹಿಮದ ಮೇಲಿನದನ್ನು ಒಂದೊಂದೇ ಸಾಲಾಗಿ ಓದಿದರು. ಸ್ವಲ್ಪ ನೋಡಿ ಕಾಲಿಡಿ ಎಂಬಲ್ಲಿಗೆ ಬಂದಾಗ ಸಾರು ತರುತ್ತಿದ್ದ ಪರಿಚಾರಿಕೆ ನಿಜವಾಗಿಯೂ ಕಾಲು ತಡೆದು ನಿಂತಳು.

"ಜಿಂಬೇ, ಹಾಳೆಯಲ್ಲಿ ಐದು ಪದ್ಯ ಅಂದುಕೊಂಡಿದ್ದೆ. ಇರೋದು ಒಂದೇ, ಅದನ್ನ ಹಿಮದಲ್ಲಿ ಹೂತಿಟ್ಟಿದೀರಿ! ಎಂಥ ರುಚಿಯಪ್ಪ! ಬಣ್ಣದಲ್ಲಿ ಹೆಸರು ಮೆರೆಸೋರ ಮಧ್ಯೆ, ಬಿಳಿಯಲ್ಲಿ ಬಿಳಿಯಾಗಿ ಕೂತಿದಾನಲ್ಲ, ಯಾರು ಆ ಮಹಾನುಭಾವ?"

ಜಿಂಬೇಯವರು ಆ ಪದ್ಯವನ್ನು ಎರಡು ತಿಂಗಳ ಹಿಂದೆ ಓದಿದ್ದರು. ಅದು ಮರೆತೇಹೋಗಿತ್ತೋ, ಆ ಕ್ಷಣಕ್ಕೆ ಮರೆತರೋ, ನಾನು ಹೇಳಲಾರೆ. ಬೀಸಣಿಗೆಯಿಂದ ಅರ್ಧ ಮುಖ ಮುಚ್ಚಿಕೊಂಡು, ಹೌದೆನ್ನದೆ ಇಲ್ಲವೆನ್ನದೆ ನಕ್ಕರು.

ಕಿಸಬುರೊ ಗಂಟಲು ಸರಿಮಾಡಿಕೊಂಡ. "ಹೇಳಬಾರದು ಅಂತಿದ್ದೆ…"

"ಅಂಥದ್ದನ್ನೆಲ್ಲ ನಾವು ಹೇಳಿಕೊಳ್ಳೋದಿಲ್ಲ" ಎಂದು ಹಲ್ಲುಪುಡಿಯವನು ಕಣ್ಣು ಮುಚ್ಚಿದ. ಅಡವಿನಂಗಡಿಯವನು ಆಗಲೇ ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ. ಕೊಡೆಯವನೊಬ್ಬ ಮಾತ್ರ ಅತ್ತಿತ್ತ ನೋಡಿ, "ನಂದಲ್ಲಪ್ಪ" ಎಂದ. ಅವನ ಪದ್ಯ ಎಷ್ಟೇ ಕೆಟ್ಟದಾಗಿದ್ದರೂ ಅಂದಿನಿಂದ ನಾನು ಅವನ ಅಂಗಡಿಯ ಕೊಡೆಯನ್ನೇ ಕೊಳ್ಳುತ್ತಿದ್ದೆ.

"ಜಿಂಬೇ, ನೀವು ಎಂದಾದ್ರೂ ಪೊರಕೆ ಹಿಡಿದಿದೀರಾ?" ಎಂದರು ಶುನ್ತೈ.

"ಮನಸ್ಸಿನ ಪೊರಕೆ ಅದು, ಹಿರಿಯರೇ."

"ಹಾಗೋ." ವೈದ್ಯರು ಹಾಳೆಯನ್ನು ಇನ್ನೂ ಸ್ವಲ್ಪ ವಾಲಿಸಿದರು. "ಕೆಳಗೆ ಹೆಸರಿದೆ. ರಿಕು. ನಿಮ್ಮಲ್ಲಿ ರಿಕು ಯಾರು? ಹೆಂಗಸಿನ ಹೆಸರಲ್ವಾ?"

ಉಶಿಮಾತ್ಸು ಸಾರಿನ ಬಟ್ಟಲಿನೊಳಗೆ ಮುಖ ಇಟ್ಟುಕೊಂಡು ಕುಲುಕಿ ನಗುತ್ತಿದ್ದ. ಕೊಡೆಯವನು, "ಓ, ನಮ್ಮ ಅಕ್ಷರ ಬರೆಯೋ ರಿಕು!" ಎಂದು ಸಂತೋಷದಿಂದ ಕೂಗಿದ. ಆಮೇಲೆ ಎದ್ದ ನಗು ಹೊಳೆಯಾಚೆಗೂ ಕೇಳಿಸಿರಬೇಕು.

ಆದರೆ ಎಣ್ಣೆ ನೀರಿನಲ್ಲಿ ಮುಳುಗುವುದುಂಟೇ? ನಗು ತಗ್ಗುವಷ್ಟರಲ್ಲಿ ಜಿಂಬೇಯವರು ಬೀಸಣಿಗೆ ಮಡಿಸಿ, "ಹೌದು, ರಿಕುವಿನದೇ. ಬಿಳಿಯ ಜಾಗ ಎಲ್ಲಕ್ಕಿಂತ ದೊಡ್ಡ ಜಾಗ. ಅಲ್ಲಿ ವಿನಯವಂತರೇ ಇರಬೇಕು ಅಂತ ಕೂಟದಲ್ಲಿ ತೀರ್ಮಾನ ಮಾಡಿದ್ವಿ" ಎಂದರು. ಹಾಗೆ ಹೇಳಿಬಿಟ್ಟ ಮೇಲೆ ನಮ್ಮನ್ನು ಬೈಯುವ ದಾರಿ ಅವರಿಗೆ ಉಳಿಯಲಿಲ್ಲ. ಮರುದಿನ ಅವರ ಹೆಂಡತಿ ನಮ್ಮ ಮೂರೂ ಮನೆಗೆ ಅಕ್ಕಿಯ ಕಡುಬು ಕಳಿಸಿದರು. ರಿಕಕ್ಕನ ಪಾಲಿಗೆ ಒಂದು ಹೆಚ್ಚಿತ್ತು. ಆ ಹೆಂಗಸು ಪದ್ಯ ಬರೆದವರಲ್ಲ, ಪೊರಕೆ ಹಿಡಿದವರು.

ವೈದ್ಯರು ಓದಿದ್ದನ್ನು ಹೇಳಿದಾಗ ರಿಕಕ್ಕ, "ಗಟ್ಟಿಯಾಗಿ ಓದಿದ್ರಾ? ಎಲ್ಲರಿಗೂ ಕೇಳೋ ಹಾಗೆ?" ಎಂದು ಮೂರು ಸಲ ಕೇಳಿದಳು. ಉಳಿದ ಕತೆಗೆ ಅವಳು ನಗಲೇ ಇಲ್ಲ. "ಛೆ, ಪಾಪ, ಎಲೆ ಒಂದನ್ನಾದ್ರೂ ತೆಗೀಬೇಕಿತ್ತು ನಾನು" ಎಂದಳು.

ಇಷ್ಟಕ್ಕೇ ಮುಗಿಯಬೇಕಿತ್ತು. ಆದರೆ ವೈದ್ಯರ ಮಾತು ಎದೊ ಎಲ್ಲ ಹಬ್ಬಿತು. ಬಣ್ಣದಲ್ಲಿ ಪದ್ಯ ಹಾಕಿಸುವುದು ಹಳ್ಳಿಗಮಾರರ ಕೆಲಸ, ನಿಜವಾದ ರಸಿಕ ಬಿಳಿಯಲ್ಲಿರುತ್ತಾನೆ ಎಂದಾಯಿತು. ಶರತ್ಕಾಲ ಬಂದದ್ದೇ ಕಿಸಬುರೊ ಮೊದಲು ಓಡಿಬಂದ.

"ಗೆಂಪಾಚಿ, ಈ ಸಲ ನಂದು ಹಿಮದಲ್ಲಿ. ಬೇರೆ ಯಾರಿಗೂ ಹೇಳ್ಬೇಡ."

ಮಾರನೆಯ ದಿನ ಅಡವಿನಂಗಡಿಯವನು. ಆಮೇಲೆ ಹಲ್ಲುಪುಡಿ. ಕಡೆಗೆ ಜಿಂಬೇಯವರು ಬಂದು, "ಗುರುವಾದೋನು ಬಿಳಿಯಲ್ಲೂ ಬಿಳಿಯಾಗಿರಬೇಕು. ಎಷ್ಟು ಕಡಿಮೆ ಕಾಣೋಕಾಗುತ್ತೋ ಅಷ್ಟು ಕಡಿಮೆ ಕಾಣ್ಬೇಕು, ಆದ್ರೆ ಎಲ್ಲರಿಗಿಂತ ಮೇಲೆ ಇರ್ಬೇಕು" ಎಂದರು. ಎಲ್ಲರೂ ಬಣ್ಣ ಬಿಟ್ಟರೆಂದು ಕೊಡೆಯವನೂ ಬಿಟ್ಟ. ಯಾರಿಗೂ ಕಾಣದ ಅಕ್ಷರ ಯಾರು ಬರೆದರೇನು ಎಂದು ಅವರವರದನ್ನು ಅವರವರೇ ಗೀಚಿ ತಂದರು. ನನ್ನ ಗಂಡ ಐದನ್ನೂ ಶ್ರದ್ಧೆಯಿಂದ ತೋಡಿದ. ಉಶಿಮಾತ್ಸು ಮೊದಲ ಹಾಳೆ ಒತ್ತಿ ಅವರ ಮುಂದೆ ಹಿಡಿದ. ಕೊಂಬೆಯ ಮೇಲೆ ಈ ಸಲವೂ ಉಮೆ. ಅದರ ಕೆಳಗೆ ಬರೀ ಬಿಳಿ.

ಐವರೂ ಹತ್ತಿರದಿಂದ ನೋಡಿದರು, ದೂರದಿಂದ ನೋಡಿದರು.

"ಇದು…" ಎಂದ ಕಿಸಬುರೊ, "ಇದೇನು, ಅಚ್ಚು ಹಾಕೋದು ಮರೆತ ಹಾಗಿದೆ."

"ಒಂದಾದರೂ ಕಪ್ಪಲ್ಲಿ ಇರ್ಬೇಕು ಧಣಿ," ಎಂದ ಉಶಿಮಾತ್ಸು. "ಇಲ್ದಿದ್ರೆ ಜನ ಮೀನು ಸುತ್ತಿಬಿಡ್ತಾರೆ."

ಯಾರದ್ದು ಕಪ್ಪಲ್ಲಿ? ಒಬ್ಬರ ಮುಖ ಒಬ್ಬರು ನೋಡಿದರು. ನೀವಿರಿ ಎಂದು ಇವರು, ಅಯ್ಯೋ ನೀವೇ ಇರಿ ಎಂದು ಅವರು. ಮಧ್ಯಾಹ್ನದಿಂದ ಚಹಾ ಎರಡು ಸಲ ಆರಿತು. ಆ ಕೀಳು ಜಾಗಕ್ಕೆ ಇಳಿಯಲು ಯಾರೂ ಒಪ್ಪಲಿಲ್ಲ.

"ರಿಕುವನ್ನ ಕೇಳೋಣ," ಎಂದರು ಜಿಂಬೇಯವರು ಕೊನೆಗೆ. "ಅವಳು ಹೇಗಿದ್ರೂ ಬೇಡ ಅನ್ನೋಳಲ್ಲ. ಕಪ್ಪಲ್ಲೇ ಹಾಕಿ. ಜಾಗ ತುಂಬೋ ಹಾಗೆ ದೊಡ್ಡದಾಗಿ ಬರೀಲಿ."

ದೊಡ್ಡ ಅಕ್ಷರವಾದರೆ ರಿಕಕ್ಕನ ಕೈಗೆ ಇನ್ನೂ ಆಗುತ್ತಿತ್ತು. ದಪ್ಪ ಕುಂಚ ಹಿಡಿದು, ನಮ್ಮ ಮನೆಯ ಬಾಗಿಲ ಬೆಳಕಿನಲ್ಲಿ ಕೂತು ಬರೆದಳು:

ಎಲ್ಲರೂ ಹಿಮದೊಳಗೆ
ಬೆಚ್ಚಗೆ ಅಡಗಿದರು.
ಹೂ ಒಂದೇ ಹೊರಗೆ
ಚಳಿಯಲ್ಲಿ ನಿಂತಿದೆ.

ಜಿಂಬೇಯವರು ಓದಿ ತುಂಬ ಮೆಚ್ಚಿದರು. "ನಮ್ಮನ್ನ ಎಷ್ಟು ಚೆನ್ನಾಗಿ ಹೊಗಳಿದಾಳೆ!" ಎಂದು ಉಳಿದವರಿಗೂ ಓದಿಸಿದರು. ಆ ಹೊಸವರ್ಷ ಊಟದ ಮನೆಯ ಮಹಡಿಯಲ್ಲಿ ಐವರೂ ಸಿಕ್ಕಸಿಕ್ಕವರನ್ನು ಕಿಟಕಿಯ ಬಳಿಗೆ ಎಳೆದುಕೊಂಡು ಹೋಗಿ, "ಹೀಗೆ ವಾಲಿಸಿ, ಇಲ್ಲ, ಇನ್ನೂ ಸ್ವಲ್ಪ, ಇಲ್ಲಿದೀನಿ ನೋಡಿ ನಾನು" ಎನ್ನುತ್ತಿದ್ದರು. ಜನ ಮರ್ಯಾದೆಗೆ ಹಾಳೆಯನ್ನು ವಾಲಿಸುತ್ತಿದ್ದರು, ಕಣ್ಣು ಕಿರಿದು ಮಾಡುತ್ತಿದ್ದರು, ಹೂಂ ಹೂಂ ಎನ್ನುತ್ತಿದ್ದರು. ಓದುತ್ತಿದ್ದದ್ದು ಮಾತ್ರ ನಡುವೆ ಕಪ್ಪಗೆ, ಗಟ್ಟಿಯಾಗಿ, ಕೆಳಗೆ ರಿಕು ಎಂದು ಹೆಸರಿದ್ದ ನಾಲ್ಕು ಸಾಲನ್ನು.